ಬಲಗಡೆ ಸೀಟಿನ ಸೊಸೆ

ಎಡಗಡೆ ಸೀಟಿನ ಮಾವನವರಿಗೆ, ಬಲಗಡೆ ಸೀಟಿನ ಸೊಸೆ ಮಾಡುವ ನಮಸ್ಕಾರಗಳು.

ಒಂದೇ ಸೂರಿನ ಕೆಳಗೆ ಇದ್ದುಕೊಂಡು ಪತ್ರ ಬರೆಯುತ್ತಾಳಲ್ಲ, ಇವಳಿಗೇನು ಬಂತು ಎಂದುಕೊಳ್ಳಬೇಡಿ. ಎದುರಿಗೆ ನಿಂತರೆ ನೀವು "ಆಮೇಲೆ ಮಾತಾಡೋಣಮ್ಮ" ಎನ್ನುತ್ತೀರಿ, ನಾನು ತಲೆಯಾಡಿಸಿ ಹೊರಟುಬಿಡುತ್ತೇನೆ. ಹತ್ತು ದಿನದಿಂದ ಇದೇ ಆಗಿದೆ. ಅದಕ್ಕೇ ದಪ್ಪ ಮಾರ್ಕರ್ ಹಿಡಿದು, ಹಾಳೆಗೆ ಎಂಟೇ ಸಾಲಿನಂತೆ, ನಿಮ್ಮ ಹಳೆಯ ವಿಮಾನ ನಿಲ್ದಾಣದ ನಕ್ಷೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಪತ್ರ ಹೋಗಿ ಗ್ರಂಥವಾಗುತ್ತದೆ, ಆಗಲಿ. ಭೂತಗನ್ನಡಿ ಹಿಡಿದು ನೀವೇ ಓದಬೇಕು. ಅತ್ತೆಯ ಕೈಗೆ ಕೊಟ್ಟು ಓದಿಸಬೇಡಿ, ಅವರು ಅರ್ಧಕ್ಕೇ ಅಳುತ್ತಾರೆ, ಉಳಿದರ್ಧ ನಿಮಗೆ ಸಿಗುವುದಿಲ್ಲ.

ನಾನು ಈ ಮನೆಗೆ ಬಂದ ಹೊಸತು ನೆನಪಿದೆಯೇ? ಸ್ಟೋರ್ ರೂಮಿನಿಂದ ಗೋಡೆ ನಡುಗುವ ಹಾಗೆ ಸದ್ದು ಬಂದಾಗ ಗಾಬರಿಯಾಗಿ ಅಡುಗೆಮನೆಗೆ ಓಡಿದೆ. ಅತ್ತೆ ತಣ್ಣಗೆ, "ಏನಿಲ್ಲ, ನಿಮ್ಮ ಮಾವ ಮುನ್ನೂರು ಜನಾನ ಕರ್ಕೊಂಡು ಹೊರಟಿದ್ದಾರೆ. ನಾಲ್ಕೂವರೆಗೆ ಇಳೀತಾರೆ, ಕಾಫಿ ಆಗ ಇಟ್ಟರಾಯ್ತು" ಎಂದರು. ಬಾಗಿಲು ತಳ್ಳಿ ನೋಡಿದರೆ ಕಂಪ್ಯೂಟರಿಗೆ ಜೋಡಿಸಿದ ಮೂರು ಪರದೆ, ಹಳೆಯ ಬಸ್ಸಿನ ಎರಡು ಸೀಟು, ಕೆಟ್ಟ ಲಿಫ್ಟುಗಳಿಂದ ಕಿತ್ತು ತಂದ ಗುಂಡಿಗಳು. ವಿಮಾನದ ಚಕ್ರ ಇಳಿಸುವ ಗುಂಡಿಯ ಮೇಲೆ ಇವತ್ತಿಗೂ "ತಳಮಹಡಿ" ಎಂದೇ ಬರೆದಿದೆ. ಮೂವತ್ತಾರು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿ ಊರಿನವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸಿದವರು ನೀವು, ನಿಜವಾದ ವಿಮಾನದ ಒಂದು ಮೆಟ್ಟಿಲನ್ನೂ ತುಳಿದವರಲ್ಲ. ನಾನು ನಿಮ್ಮ ಮಗನ ಹತ್ತಿರ ಹೋಗಿ, "ನಿಮ್ಮಪ್ಪಂಗೆ ಈ ವಯಸ್ಸಲ್ಲಿ ಕಂಪ್ಯೂಟರಲ್ಲಿ ವಿಮಾನ ಹಾರಿಸೋ ಎಂಥ ಆಟದ ಹುಚ್ಚು" ಎಂದು ನಕ್ಕೆ. ಏಣಿ ಹತ್ತಿದರೂ ತಲೆ ಸುತ್ತುವ ನಿಮ್ಮ ಮಗ ಪಿಸುದನಿಯಲ್ಲಿ, "ಆಟ ಅಂತ ಅವರ ಮುಂದೆ ಅನ್ಬೇಡ, ಒಂದು ವಾರ ಮಾತು ಬಿಡ್ತಾರೆ" ಎಂದರು.

ಆಮೇಲೆ ನನ್ನ ಗೋಡೆಯ ಪ್ರಸಂಗ ಬಂತು. ನಾನು ಕೆಲಸ ಮಾಡುವ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವಳ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಅವತ್ತು ಕಲಿಯಲು ಬಂದ ಹೆಂಗಸು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದರು, ನನ್ನ ಕಾಲು ಅರೆಕ್ಷಣ ತಡವಾಯಿತು, ಕಾರಿನ ಮೂತಿ ಅಂಚೆ ಕಚೇರಿಯ ಗೋಡೆಗೆ ಹೋಗಿ ಗುದ್ದಿತು. ಗಾಯ ಯಾರಿಗೂ ಆಗಲಿಲ್ಲ, ನನ್ನ ಧೈರ್ಯಕ್ಕೆ ಆಯಿತು. ಸ್ಟೀರಿಂಗ್ ಕಂಡರೆ ಕೈ ಬೆವರುತ್ತಿತ್ತು. ರಜೆ ಹಾಕಿ ಮನೆಯಲ್ಲಿ ಕುಳಿತೆ. ಮೊದಲ ಎರಡು ವಾರವೂ ಬಂದವರೆಲ್ಲ ಬುದ್ಧಿ ಹೇಳಿದರು. ನೀವು ಮಾತ್ರ ಸ್ಟೋರ್ ರೂಮಿನ ಬಾಗಿಲಲ್ಲಿ ನಿಂತು, "ಬಾರಮ್ಮ, ಇಲ್ಲಿ ಗೋಡೆ ಇಲ್ಲ" ಎಂದಿರಿ. ಆ ಒಂದು ಮಾತಿಗೆ ನಾನು ನಿಮಗೆ ಈ ಜನ್ಮವಿಡೀ ಋಣಿ, ಮಾವ. ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಹಾಗೆ ಬಂದು ಬಲಗಡೆಯ ಸಹಪೈಲಟ್ ಸೀಟಿನಲ್ಲಿ ಕುಳಿತವಳು ಮೂರು ವರ್ಷ ಏಳಲಿಲ್ಲ. ಹೆಡ್‌ಫೋನ್ ಹಾಕಿದರೆ ಎಲ್ಲೆಲ್ಲಿಯದೋ ಮನೆಗಳಿಂದ ನಮ್ಮ ಹಾಗೆಯೇ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಕ್ಲಬ್ಬಿನವರ ದನಿಗಳು. ಹಲ್ಲಿನ ಡಾಕ್ಟರು ತಮ್ಮ ವಿಮಾನ ಹೊರಡಿಸಲು ಅಪ್ಪಣೆ ಕೇಳುತ್ತಾರೆ, ಶಾಲೆಯಲ್ಲಿ ಗಣಿತ, ಇಲ್ಲಿ ವಿಮಾನಗಳಿಗೆ ದಾರಿ ಹೇಳುವ ಟವರ್ ಟೀಚರ್ ತಮ್ಮ ಊಟದ ಮೇಜಿನಿಂದಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾರೆ. ನಿಮ್ಮನ್ನು ಅವರೆಲ್ಲ ಕರೆಯುವುದು ಲಿಫ್ಟ್ ಕ್ಯಾಪ್ಟನ್ ಎಂದು. ಆರು ಗಂಟೆಯ ದಾರಿಯನ್ನು ಆರು ಗಂಟೆಯೇ ಹಾರುತ್ತೀರಿ, ಒಂದು ನಿಮಿಷ ಕಡಿಮೆ ಮಾಡುವುದಿಲ್ಲ. ಆಟ ನಿಲ್ಲಿಸುವ ಗುಂಡಿಯನ್ನಂತೂ ಕೀಬೋರ್ಡಿನಿಂದಲೇ ಕಿತ್ತು ಡಬ್ಬಿಗೆ ಹಾಕಿದ್ದೀರಿ. ಮೊದಲ ದಿನವೇ ನನಗೆ ಹೇಳಿದ ಮಾತು: "ನಾನು ತಪ್ಪಿದ್ರೆ ಬಾಯಿ ಬಿಟ್ಟು ಹೇಳು. ಮಾವ ಅಂತ ಸುಮ್ಮನಿದ್ರೆ ಹಿಂದೆ ಕೂತಿರೋ ಮುನ್ನೂರು ಜನಕ್ಕೆ ಉತ್ತರ ಕೊಡೋರು ಯಾರು?" ಹಿಂದೆ ಕುಳಿತಿದ್ದದ್ದು ಅತ್ತೆಯ ಹೊಲಿಗೆ ಯಂತ್ರ ಮಾತ್ರ. ಆದರೂ ನನಗೆ ನಗು ಬರಲಿಲ್ಲ.

ಎರಡನೆಯ ಪಾಠ ಅದಕ್ಕಿಂತ ದೊಡ್ಡದು. "ಇಳಿಯೋದು ಸರಿ ಹೋಗ್ತಿಲ್ಲ ಅನ್ನಿಸಿದ್ರೆ ಗೋ ಅರೌಂಡ್ ಅನ್ನು. ಇಬ್ಬರಲ್ಲಿ ಯಾರು ಅಂದ್ರೂ ಇನ್ನೊಬ್ಬರು ಯಾಕೆ ಅಂತ ಕೇಳೋ ಹಾಗಿಲ್ಲ. ಇಳಿಯೋದು ಬಿಟ್ಟು ಮೇಲೆ ಹೋಗ್ಬೇಕು. ವಾದ ಎಲ್ಲ ಮೇಲೆ ಹೋದ್ಮೇಲೆ." ಎರಡನೆಯ ತಿಂಗಳಲ್ಲಿ ನಾನು ಹಾಗೆ ಕೂಗಿದ್ದೆನಲ್ಲ, ರನ್‌ವೇ ಮೇಲೆ ಏನೋ ಕಪ್ಪಗೆ ಹರಿಯುತ್ತಿದೆ ಎಂದು! ನೀವು ತುಟಿಪಿಟಕ್ಕೆನ್ನದೆ ಆ ದೊಡ್ಡ ವಿಮಾನವನ್ನು ಮತ್ತೆ ಆಕಾಶಕ್ಕೆ ಏರಿಸಿದಿರಿ. ಮೇಲೆ ಹೋದ ಮೇಲೆ ನೋಡಿದರೆ ಅದು ನಡುವಿನ ಪರದೆಯ ಮೇಲೆ ಹರಿಯುತ್ತಿದ್ದ ಜೇಡ. ನೀವು ನಕ್ಕ ರಭಸಕ್ಕೆ ಹೆಡ್‌ಫೋನ್ ಕಳಚಿ ಬಿತ್ತು. ಕಣ್ಣೊರೆಸಿಕೊಂಡು, "ಜೇಡಕ್ಕಾದ್ರೂ ಸರಿ, ಕೂಗಿದ್ಯಲ್ಲ. ಅದೇ ಸರಿ" ಎಂದಿರಿ. ಅದಾದ ವಾರವೇ ನಾನು ಮತ್ತೆ ಕೆಲಸಕ್ಕೆ ಹೋದೆ.

ಇನ್ನು ಬರೆಯಬೇಕಾದದ್ದು ಕಷ್ಟದ ಸಂಗತಿ. ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಟವರ್ ಟೀಚರ್ "ಒಂದು ಮೂರು ಸೊನ್ನೆ" ದಿಕ್ಕಿಗೆ ತಿರುಗಿ ಎಂದರು. ನೀವು ಅದನ್ನೇ ಸರಿಯಾಗಿ ತಿರುಗಿ ಹೇಳಿ, ಕೈಯಲ್ಲಿ ದಿಕ್ಕಿನ ಗುಂಡಿ ತಿರುಗಿಸಿ ನೂರ ಎಂಬತ್ತಕ್ಕೆ ಇಟ್ಟಿರಿ. ಕಿವಿ ಸರಿ ಕೇಳಿತ್ತು, ಬಾಯಿ ಸರಿ ಹೇಳಿತ್ತು, ಕಣ್ಣು ಮೂರನ್ನು ಎಂಟು ಮಾಡಿತ್ತು. ನಾನು ಲೋಟ ಇಡುವ ನೆಪದಲ್ಲಿ ಕೈ ಚಾಚಿ ಸದ್ದಿಲ್ಲದೆ ತಿದ್ದಿದೆ. ಆವತ್ತಿನಿಂದ ಅದೇ ಕಸುಬಾಯಿತು. ನೀವು ಹೊರಗಿನ ಆಕಾಶ ತೋರಿಸುವ ಪರದೆ ನೋಡುವಾಗ ನಾನು ಅಂಕಿ ತಿದ್ದುತ್ತಿದ್ದೆ. ಅಕ್ಷರಗಳನ್ನು ದಪ್ಪ ಮಾಡಿ "ಹೊಸ ಅಪ್‌ಡೇಟ್ ಬಂದಿದೆ ಮಾವ" ಎಂದು ಸುಳ್ಳು ಹೇಳಿದೆ. ನೀವು ಕ್ಲಬ್ಬಿನಲ್ಲಿ ಎದೆಯುಬ್ಬಿಸಿ, "ನನ್ನ ಕಣ್ಣು ನೋಡಿ, ಈ ವಯಸ್ಸಲ್ಲೂ ಒಂದಂಕಿ ತಪ್ಪಲ್ಲ" ಎಂದಾಗ ನಾನು ಹೂಂಗುಟ್ಟಿದೆ. ಸದ್ದಿಲ್ಲದೆ ಬ್ರೇಕ್ ಒತ್ತಿದರೆ ಕಲಿಯುವವರು ತಾವೇ ನಿಲ್ಲಿಸಿದೆವು ಎಂದುಕೊಳ್ಳುತ್ತಾರೆ, ಬಾಯಿಬಿಟ್ಟು ಹೇಳಿಯೇ ಒತ್ತಬೇಕು ಎಂದು ಡ್ರೈವಿಂಗ್ ಸ್ಕೂಲಿನ ಹೊಸ ಟೀಚರ್‌ಗಳಿಗೆ ಪಾಠ ಮಾಡುವವಳು ನಾನು. ಹೇಳುವುದು ಆಚಾರ, ಮನೆಯಲ್ಲಿ ಮಾಡಿದ್ದು ಅನಾಚಾರ.

ಹೇಳಿದರೆ ನೀವು ಆ ಸೀಟು ಬಿಟ್ಟುಬಿಡುತ್ತೀರಿ ಎಂದು ಹೆದರಿದ್ದೆ, ಮಾವ. ಸೀಟು ಉಳಿಸಲು ಹೋಗಿ ಕಣ್ಣು ಕಳೆಯುತ್ತಿದ್ದೇನೆ ಎಂದು ಹೊಳೆಯಲಿಲ್ಲ.

ಆ ಭಾನುವಾರ ನಿಮ್ಮ ಸಾವಿರನೆಯ ಇಳಿಯುವಿಕೆ. ಕ್ಲಬ್ಬಿನವರೆಲ್ಲ ನಮ್ಮ ಕಾಕ್‌ಪಿಟ್ಟಿನ ಮಾತು ಕೇಳುತ್ತ, ಚಿತ್ರ ನೋಡುತ್ತ ಕುಳಿತಿದ್ದರು. ಮೋಡದಿಂದ ಕೆಳಗಿಳಿದಾಗ ನೀವು ರನ್‌ವೇ ಬಿಟ್ಟು ಅದರ ಪಕ್ಕದ ದಾರಿಗೆ, ವಿಮಾನಗಳು ಸರದಿ ಕಾಯುತ್ತ ನಿಲ್ಲುವ ದಾರಿಗೆ, ಗುರಿ ಹಿಡಿದಿದ್ದಿರಿ. ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಎರಡೇ ಪದ ಹೇಳಿದ್ದರೆ ಸಾಕಿತ್ತು. ಅಷ್ಟು ಜನರ ಎದುರು ನಿಮ್ಮ ಮರ್ಯಾದೆ ಹೋಗುತ್ತದಲ್ಲ ಎಂದು, ವಿಮಾನ ತಿರುಗಿಸುವ ನನ್ನ ಕಡೆಯ ಕೋಲನ್ನು ಮೆಲ್ಲಗೆ ಬಲಕ್ಕೆ ಒತ್ತಿದೆ. ಗಾಳಿ ತಳ್ಳುತ್ತಿದೆ ಎಂದುಕೊಂಡು ನೀವು ಎಡಕ್ಕೆ ಒತ್ತಿದಿರಿ. ನಾನು ಮತ್ತೆ ಬಲಕ್ಕೆ, ನೀವು ಮತ್ತೆ ಎಡಕ್ಕೆ. "ಇವತ್ತು ಗಾಳಿ ಜೋರಿದೆಯಮ್ಮ" ಎಂದಿರಿ. ಗಾಳಿ ನಾನೇ ಆಗಿದ್ದೆ. ಹೊರಡಲು ಕಾಯುತ್ತಿದ್ದ ಹಲ್ಲಿನ ಡಾಕ್ಟರ ವಿಮಾನದ ಮೇಲೆ ನಾವು ಹೋಗಿ ಇಳಿದೆವು.

ಯಾರೂ ಸಿಟ್ಟಾಗಲಿಲ್ಲ. ಹಲ್ಲಿನ ಡಾಕ್ಟರು, "ಕ್ಯಾಪ್ಟನ್, ನನಗೆ ಅರಿವಳಿಕೆ ಕೊಡ್ದೇನೇ ಕಿತ್ತುಬಿಟ್ರಲ್ಲ" ಎಂದು ನಗಿಸಲು ನೋಡಿದರು. ನೀವು ನಗಲಿಲ್ಲ. ಹೆಡ್‌ಫೋನ್ ತೆಗೆದು ಮೊಳೆಗೆ ನೇತುಹಾಕಿ, "ಸಾಕಮ್ಮ. ಕಾಣದೋನು ಜನಾನ ಹೊತ್ಕೊಂಡು ಹೋಗ್ಬಾರ್ದು" ಎಂದು ಎದ್ದು ಹೋದಿರಿ. ನಾನು ಎಂಟು ತಿಂಗಳು ಮುಚ್ಚಿಟ್ಟದ್ದು ನಿಮಗೆ ಈ ಪತ್ರ ಓದುವವರೆಗೂ ಗೊತ್ತಿರಲಿಲ್ಲ. ತಪ್ಪೆಲ್ಲ ನಿಮ್ಮೊಬ್ಬರದೇ ಎಂದು ಹೊತ್ತುಕೊಂಡಿರಿ. ಅದರಲ್ಲಿ ಅರ್ಧ ನನ್ನದು, ದಯವಿಟ್ಟು ನನಗೆ ಕೊಟ್ಟುಬಿಡಿ.

ಕಣ್ಣಿನ ಡಾಕ್ಟರು ಹೇಳಿದ್ದು ನಿಮ್ಮ ಜೊತೆ ನಾನೂ ಕೇಳಿದ್ದೇನೆ. ಪೊರೆ ಬಲಿತಿದೆ, ಕಣ್ಣಿನ ಒತ್ತಡ ಏರುತ್ತಿದೆ, ಈಗ ತೆಗೆದರೆ ನೋಟ ಮರಳುತ್ತದೆ, ಇನ್ನೂ ಎಳೆದರೆ ಹೋದದ್ದು ಹೋದ ಹಾಗೆಯೇ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬರಹೇಳಿದರು. ನೀವು ಮನೆಗೆ ಬಂದು, "ಬಚ್ಚಲಿಗೆ ದಾರಿ ಕಾಣುತ್ತಲ್ಲ, ಈ ವಯಸ್ಸಿಗೆ ಅಷ್ಟು ಸಾಕು" ಎಂದಿರಿ. ಮೇಲಾಗಿ, ಬೇಕಾದವರು ಬಂದು ಎರಡೂ ಸೀಟು ಒಯ್ಯಬಹುದು ಎಂದು ಕ್ಲಬ್ಬಿಗೆ ಹೇಳಿ ಕಳಿಸಿದ್ದೀರಿ. ಶನಿವಾರ ವ್ಯಾನ್ ತರುತ್ತಾರಂತೆ. ಬರಬೇಡಿ ಎಂದು ನಾನು ಹೇಳಿಲ್ಲ, ಅದು ಕ್ಯಾಪ್ಟನ್ ಹೇಳಬೇಕಾದ ಮಾತು. ನಿನ್ನೆ ಸಂಜೆ ಅತ್ತೆ ಅಭ್ಯಾಸಬಲದಿಂದ ಸ್ಟೋರ್ ರೂಮಿನ ಬಾಗಿಲಿಗೆ ಬಂದು, "ಎಷ್ಟೊತ್ತಿಗೆ ಇಳೀತೀರಾ?" ಎಂದು ಕೇಳಿ, ಒಳಗೆ ಯಾರೂ ಇಲ್ಲದ್ದು ಕಂಡು ಲೋಟವನ್ನು ವಾಪಸು ಒಯ್ದರು. ನನಗೆ ತಡೆಯಲಾಗಲಿಲ್ಲ. ಅದಕ್ಕೇ ಈ ಪತ್ರ.

ನಿಮಗೆ ಹೆದರಿಕೆ ಎಂದು ಗೊತ್ತು. ಐವತ್ತು ಅಂತಸ್ತು ಆಳದ ಲಿಫ್ಟ್ ಬಾವಿಯಲ್ಲಿ ಹಗ್ಗ ಹಿಡಿದು ನೇತಾಡಿದವರಿಗೆ ಕಣ್ಣಿಗೊಂದು ಸೂಜಿ ಎಂದರೆ ಕೈಕಾಲು ತಣ್ಣಗಾಗುತ್ತದೆ. ಸ್ಟೀರಿಂಗ್ ಕಂಡು ನನಗಾದ ಹಾಗೆ. ಹೆದರಿಕೆಗೆ ನಾನು ಬುದ್ಧಿ ಹೇಳುವುದಿಲ್ಲ, ಮಾವ, ನೀವೂ ನನಗೆ ಹೇಳಿರಲಿಲ್ಲ. ನೀವು ಕಲಿಸಿದ್ದನ್ನು ಮಾತ್ರ ಮಾಡುತ್ತೇನೆ. ಜೇಡಕ್ಕೆ ಕೂಗಿದವಳು ನಿಮಗಾಗಿ ಕೂಗಲಿಲ್ಲ. ಈಗ ಕೂಗುತ್ತಿದ್ದೇನೆ, ಈ ಹಾಳೆಯಲ್ಲಿ ಒಂದೇ ಸಾಲು, ಭೂತಗನ್ನಡಿ ಇಲ್ಲದೆಯೂ ಕಾಣುವಷ್ಟು ದಪ್ಪಗೆ:

ಮಾವ, ಗೋ ಅರೌಂಡ್.

ಯಾಕೆ ಎಂದು ಕೇಳುವ ಹಾಗಿಲ್ಲ. ವಾದವೆಲ್ಲ ಆಮೇಲೆ.

ಗುರುವಾರ ಎಂಟೂವರೆಗೆ ಡ್ರೈವಿಂಗ್ ಸ್ಕೂಲಿನ ಕಾರು ಬಾಗಿಲಲ್ಲಿ ನಿಂತಿರುತ್ತದೆ. ಸ್ಟೀರಿಂಗ್ ನಾನು ಹಿಡಿಯುತ್ತೇನೆ, ನೀವು ಕಲಿಸುವವರ ಸೀಟಿನಲ್ಲಿ ಕುಳಿತುಕೊಳ್ಳಿ. ನಿಮ್ಮ ಕಾಲ ಕೆಳಗೆ ಒಂದು ಬ್ರೇಕ್ ಇರುತ್ತದೆ. ನಾನು ತಪ್ಪಿದರೆ ಅದನ್ನು ಸದ್ದಿಲ್ಲದೆ ಒತ್ತಬೇಡಿ. ಬಾಯಿ ಬಿಟ್ಟು ಹೇಳಿ.

ತಲೆಯ ಮೇಲೆ ಕೈಯಿಟ್ಟು ಹರಸುವಿರಂತೆ, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ನನ್ನ ಮುಖ ನೆಟ್ಟಗೆ ಕಂಡ ಮೇಲೆ. ಅಲ್ಲಿಯವರೆಗೆ ನಿಮ್ಮ ಹೆಡ್‌ಫೋನ್ ಮೊಳೆಯಲ್ಲೇ ಇರಲಿ, ದಿನಾ ಧೂಳು ಒರೆಸುತ್ತೇನೆ.

ಇಂತಿ,
ಇನ್ನು ಮುಂದೆ ಸುಮ್ಮನಿರದ
ನಿಮ್ಮ ಸೊಸೆ