ಬೆಳ್ಳಿ ಚುಕ್ಕಿ ಮೂಡುವವರೆಗಿನ ಬೆಂಕಿ

ನನ್ನ ಅಪ್ಪನಿಗೆ,

ನಾಳೆ ಪಿತೃಪಕ್ಷದ ಎಡೆ. ಅವ್ವ ಆಗಲೇ ಅಕ್ಕಿ ನೆನೆಹಾಕಿದ್ದಾಳೆ. ನೀನು ಬರುವ ಹೊತ್ತಿಗೆ ಈ ಕಾಗದ ನಿನ್ನ ಎಲೆಯ ಪಕ್ಕದಲ್ಲೇ ಇರುತ್ತದೆ. ಮೊದಲು ಇದನ್ನು ಓದು, ಆಮೇಲೆ ಊಟಕ್ಕೆ ಕೂರು. ಓದಿ ಬೈಯಬೇಕೆನಿಸಿದರೆ ಬೈಯಿ. ಹೊಡೆಯಬೇಕೆನಿಸಿದರೆ... ಆ ಕೆಲಸವನ್ನು ಅವ್ವ ಮಾಡಿ ಮುಗಿಸಿದ್ದಾಳೆ.

ನೀನು ಒಮ್ಮೆ ನನ್ನ ಕೆನ್ನೆಗೆ ಬಾರಿಸಿದ್ದು ನೆನಪಿದೆಯಾ? ರಾಗಿ ಹೊಲದ ಅಟ್ಟಣೆ ಮೇಲೆ ಕಾವಲಿಗೆ ಕೂತ ನಾನು ತೂಕಡಿಸಿ, ಕೆಳಗಿನ ಬೆಂಕಿ ನಂದಲು ಬಿಟ್ಟಿದ್ದೆ. ನಿನ್ನ ಏಟಿಗೆ ಕಿವಿ ಗುಂಯ್ ಎಂದಿತ್ತು. "ಬೆಳ್ಳಿ ಚುಕ್ಕಿ ಮೂಡೋಗಂಟ ಬೆಂಕಿ ಆರ್ಕೂಡ್ದು ಕಣವ್ವ. ಆರೋಯ್ತು ಅಂದ್ರೆ ಆನೆಗೆ ಉಣ್ಣಕ್ ಬಾ ಅಂತ ಎಲೆ ಆಕ್ದಂಗೆ" ಎಂದಿದ್ದೆ. ಆಮೇಲೆ ಹೊಡೆದ ಕೈಯಲ್ಲೇ ಬೆಲ್ಲದ ಕಾಫಿ ಕಾಯಿಸಿ ಕೊಟ್ಟು, ಸಾಲಾಗಿ ನಿಂತ ಮೂರು ಚುಕ್ಕಿ ತೋರಿಸಿದೆ. ಗಡಿಯಾರ ಇಲ್ಲದ ನೀನು ಅವು ಎಲ್ಲಿಗೆ ಬಂದಿವೆ ಎಂದು ನೋಡಿಯೇ ಹೊತ್ತು ಹೇಳುತ್ತಿದ್ದೆ.

ನೀನು ಹೋದ ರಾತ್ರಿ ನನಗೆ ಹನ್ನೆರಡು ವರ್ಷ. ಅವ್ವನಿಗೆ ಜ್ವರ, ಅದಕ್ಕೇ ಕಾವಲಿಗೆ ನಾನು ಬಂದಿದ್ದೆ. ಆ ರಾತ್ರಿ ಚುಕ್ಕಿಗಳು ಉದುರುತ್ತವೆ ಎಂದು ತಾಳವಾಡಿ ಶಾಲೆಯ ಮೇಷ್ಟ್ರು ಹೇಳಿದ್ದರು. "ಒಂದ್ಗಳ್ಗೆ ಬೆಂಕಿ ನೋಡ್ಕೊ ಮಗ" ಎಂದು ನೀನು ಕಣ್ಣು ಮುಚ್ಚಿದೆ. ಬೆಂಕಿಯ ಬೆಳಕಿಗೆ ಆಕಾಶ ಸರಿಯಾಗಿ ಕಾಣುತ್ತಿರಲಿಲ್ಲ. ಅಪ್ಪ, ನಾನು ಇಳಿದು ಹೋಗಿ ಬೆಂಕಿಯ ಮೇಲೆ ಮಣ್ಣು ಎಳೆದೆ. ಹೌದು, ನಾನೇ.

ಚುಕ್ಕಿಗಳು ಉದುರಿದವು. ಎಣಿಸುತ್ತಾ ಕೂತೆ. ಆಮೇಲೆ ಹೊಲದ ಅಂಚಿನಲ್ಲಿ ಒಂದು ಕಡೆ ಚುಕ್ಕಿಗಳೇ ಇಲ್ಲದ್ದು ಕಂಡಿತು, ಆ ಕಪ್ಪು ನಮ್ಮ ಕಡೆಗೇ ನಡೆದು ಬರುತ್ತಿತ್ತು. ನಾನು ಕಿರುಚಿದೆ. ನೀನು ಸೀಮೆಎಣ್ಣೆ ಬಾಟಲಿ ಹಿಡಿದು ಧುಮುಕಿ, ಬೆಂಕಿ ಹೊತ್ತಿಸಲು ಬಗ್ಗಿದೆ. ಆನೆ ನಿನ್ನನ್ನು ಸೊಂಡಿಲಲ್ಲಿ ಎತ್ತಿ ನೆಲಕ್ಕೆ ಬಡಿಯಿತು. ಎರಡು ಸಲ. ಆಮೇಲೆ ಎದೆಯ ಮೇಲೆ ಕಾಲಿಟ್ಟಿತು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು. ನೀನು ನನ್ನ ಹೆಸರು ಕೂಗಿದೆಯಾ, ಇಲ್ಲ ಬರೀ... ಇವತ್ತಿಗೂ ನನಗೆ ಗೊತ್ತಿಲ್ಲ.

ಪಕ್ಕದ ಹೊಲದಲ್ಲಿ ಕಾವಲಿದ್ದ ಮಾದಣ್ಣ ಟಾರ್ಚು ಹಿಡಿದು ಓಡಿ ಬಂದಾಗ ಕಂಡದ್ದು ಆನೆಯ ಕಾಲಿಗೆ ಕೆದರಿಹೋದ ತಣ್ಣನೆಯ ಬೂದಿ, ನಿನ್ನ ಕೈ ಹತ್ತಿರ ಬ್ರಾಂದಿ ಬಾಟಲಿ. ನಮ್ಮೂರಲ್ಲಿ ಎಲ್ಲರೂ ಸೀಮೆಎಣ್ಣೆ ಇಡುವುದು ಅಂಥ ಬಾಟಲಿಯಲ್ಲೇ. ಆದರೂ ಯಾರೂ ಮೂಸಿ ನೋಡಲಿಲ್ಲ. ಕುಡುಕನೆಂಬ ನಿನ್ನ ಹಳೆಯ ಹೆಸರೇ ಸಾಕಾಯಿತು. "ಕುಡ್ದು ಮನಿಕಬುಟ್ಟವ್ನೆ, ಬೆಂಕಿ ಆರೋಗದೆ" ಎಂದ ಮಾದಣ್ಣ. ನಾನು ಹುಟ್ಟಿದ ದಿನ ನನ್ನ ತಲೆ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟವನು ನೀನು. ಆ ಆಣೆ ಮುರಿದೆ ಎಂದು ಅವ್ವ ನಿನ್ನ ಹೆಣಕ್ಕೇ ಹೊಡೆದಳು. ನಾನು ನೋಡುತ್ತಾ ನಿಂತೆ. ಬಾಯಿ ಬಿಡಲಿಲ್ಲ.

ಸತ್ತವರಿಗೆ ಇಷ್ಟವಾದದ್ದನ್ನು ಎಡೆಯಲ್ಲಿ ಇಡಬೇಕಲ್ಲ. ಏಳು ವರ್ಷ ನಿನ್ನ ಎಲೆಯ ಪಕ್ಕ ಒಂದು ಲೋಟ ಬ್ರಾಂದಿ. "ಕುಡಿ, ಅದ್ಕೇ ಅಲ್ವಾ ನೀನು ಸತ್ತದ್ದು" ಎಂದು ಅವ್ವ ಪ್ರತಿ ವರ್ಷ ಲೋಟ ಕುಕ್ಕುತ್ತಿದ್ದಳು. ಅದನ್ನು ತುಂಬಿಸಿ ತಂದುಕೊಡುತ್ತಿದ್ದವಳು ಯಾರು ಗೊತ್ತಾ?

ನಾನು ಈಗ ಚುಕ್ಕಿ ತೋರಿಸುವ ಕೆಲಸದಲ್ಲಿದ್ದೇನೆ ಎಂದರೆ ನೀನು ನಗುತ್ತೀಯ. ಗೆಟ್ಟವಾಡಿ ದಾಟಿ ಕಾಡಂಚಿನಲ್ಲಿ ಒಂದು ಶಿಬಿರ. ನಮ್ಮ ಕತ್ತಲೆ ನೋಡಲು ಮೈಸೂರು, ಕೊಯಮತ್ತೂರಿನಿಂದ ಮಕ್ಕಳು ಮರಿ ಕಟ್ಟಿಕೊಂಡು ಜನ ಬರುತ್ತಾರೆ. ಅವರನ್ನು ಜಮಖಾನದ ಮೇಲೆ ಮಲಗಿಸಿ, ಕನ್ನಡ ತಮಿಳು ಬೆರೆಸಿ, ನಿನ್ನ ಮೂರು ಚುಕ್ಕಿ ತೋರಿಸುತ್ತೇನೆ. ಬೆಂಕಿ ಕಾಯುವವನು ಅದೇ ಮಾದಣ್ಣ. ಈ ಬೇಸಿಗೆಯ ಒಂದು ಸಂಜೆ ಬಂದವರಲ್ಲಿ ಒಬ್ಬರು, ಬೆಂಕಿ ಆರಿಸಿದರೆ ಮಕ್ಕಳಿಗೆ ಇನ್ನೂ ಚೆನ್ನಾಗಿ ಕಾಣುತ್ತದಲ್ಲ ಎಂದರು.

"ಬ್ಯಾಡಿ ಸ್ವಾಮಿ" ಎಂದ ಮಾದಣ್ಣ. "ಇವ್ಳಪ್ಪ ಕುಡ್ದು ಬೆಂಕಿ ಆರೋಗಕ್ಕೆ ಬುಟ್ಟು ಆನೆ ಕಾಲ್ಗೆ ಸಿಕ್ದ. ಬೇಕಾದ್ರೆ ಇವ್ಳನ್ನೇ ಕೇಳಿ."

ನನಗೆ ಪಿತ್ತ ನೆತ್ತಿಗೇರಿತು. ಉರಿಯುವ ಕೊಳ್ಳಿ ಎಳೆದು ಅವನ ಎದೆಗೆ ಹಿಡಿದೆ. ಅಂಗಿ ಸೀದ ವಾಸನೆ ಬಂತು. ಮಕ್ಕಳು ಅಳತೊಡಗಿದವು. ಕೊಂದೇ ಬಿಡುತ್ತಿದ್ದೆನೇನೋ, ಆದರೆ ಅವನು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. "ಸುಡು. ನಾನೇನು ಸುಳ್ಳಾಡಿದ್ನಾ?" ಎಂದ. ಅವನು ಕಂಡದ್ದನ್ನು ಹೇಳಿದ, ಅಪ್ಪ. ಕಂಡೂ ಹೇಳದವಳು ನಾನು. ಆನೆಯ ಮೇಲೆ, ಅವನ ಮೇಲೆ, ಅವ್ವನ ಮೇಲೆ ಇಷ್ಟು ವರ್ಷ ಹಲ್ಲು ಕಡಿದದ್ದೆಲ್ಲ ಯಾರ ಮೇಲಿನ ಸಿಟ್ಟು? ಕೊಳ್ಳಿಯನ್ನು ಬೆಂಕಿಗೇ ಎಸೆದೆ.

"ಆರ್ಸಿದ್ದು ನಾನು ಮಾದಣ್ಣ" ಎಂದೆ. "ಅಪ್ಪ ಕುಡ್ದಿರ್ನಿಲ್ಲ. ಬಾಟ್ಲೀಲಿದ್ದದ್ದು ಸೀಮೆಣ್ಣೆ."

ಮನೆಗೆ ಬಂದು ಅವ್ವನಿಗೂ ಹೇಳಿದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು, ಒಲೆಯ ಪಕ್ಕದ ಸೌದೆ ಎತ್ತಿಕೊಂಡು, ಬೆನ್ನು ತೋಳು ಎನ್ನದೆ ಬಾರಿಸಿದಳು. ನಾನು ತಪ್ಪಿಸಿಕೊಳ್ಳಲಿಲ್ಲ. ಸೌದೆ ಮುರಿದ ಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದಳು. "ಏಳು ವರ್ಸ ಆ ಮನ್ಸುನ್ನ ಉಗುದ್ನಲ್ಲೇ" ಎಂದು ಅತ್ತಳು. ನನ್ನ ಎಡಗೈಯ ಒಂದು ಬೆರಳು ಇನ್ನೂ ಸರಿಯಾಗಿ ಮಡಚಲು ಬರುವುದಿಲ್ಲ. ಇರಲಿ ಬಿಡು. ಮಾರನೆಯ ದಿನ ಅವಳು ನಲ್ಲಿಯ ಹತ್ತಿರ ನಿಂತು, ತನ್ನ ಗಂಡ ಕುಡಿದಿರಲಿಲ್ಲ ಎಂದು ಬಂದವರಿಗೆಲ್ಲ ಹೇಳಿದಳಂತೆ. ನನ್ನ ಜೊತೆ ಮಾತ್ರ ಅಂದಿನಿಂದ ಒಂದು ಮಾತೂ ಆಡಿರಲಿಲ್ಲ.

ಇವತ್ತು ಸಂಜೆ ಆಡಿದಳು, ಅಪ್ಪ. ಎಡೆಯ ಲೋಟ ತಂದು ನನ್ನ ಮುಂದೆ ಇಟ್ಟಳು.

"ಬೂದಿ ಆಕಿ ಉಜ್ಜು. ನಾಳೆ ನಿಮ್ಮಪ್ಪನ್ಗೆ ಬೆಲ್ಲದ ಕಾಪಿ ಮಡಗ್ಬೇಕು."

ಎರಡು ಸಲ ಉಜ್ಜಿದೆ. ಬ್ರಾಂದಿಯ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಮತ್ತೆ ಉಜ್ಜುತ್ತೇನೆ. ನೀನು ಬಾ.

ಬೆಂಕಿ ಆರಿಸಿದ
ನಿನ್ನ ಮಗಳು