ಹಳದಿ ಡಬ್ಬಿಯ ಬೆಲೆ

ಪೆಲ್ಹಾಮ್ ಬೇ, ದಕ್ಷಿಣ ಆಸ್ಟ್ರೇಲಿಯ
ಗುರುವಾರ, ಮಾರ್ಚ್ ೧೪, ೨೦೧೯

ಮುದ್ದು ರೋವೆನಾ,

ಹೇಗಿದ್ದೀಯ ಮಗಳೇ? ಬೆನ್ನು ನೋವು ಈಗ ವಾಸಿಯೇ? ಆ ಲಡಕಾಸಿ ಗಾಡಿಯ ಸೀಟಿಗೆ ಒಂದು ದಿಂಬು ಇಟ್ಟುಕೋ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ದಿನಕ್ಕೆ ಮುನ್ನೂರು ಕಿಲೋಮೀಟರ್ ಒಬ್ಬಳೇ ಓಡಾಡಿ ದನಗಳ ನೀರಿನ ತೊಟ್ಟಿ ನೋಡಿ ಬರುವವಳು ಹೊಟ್ಟೆಗೆ ಏನು ತಿನ್ನುತ್ತೀಯ? ಅಡುಗೆಯ ಗಾರ್ತ್ ಈಗಲೂ ಎಲ್ಲದರ ಮೇಲೂ ಟೊಮೆಟೊ ಸಾಸ್ ಸುರಿಯುತ್ತಾನೆಯೇ? ಇಲ್ಲಿ ನಾವಿಬ್ಬರೂ ಕ್ಷೇಮ. ಈ ಮಾತನ್ನು ಪ್ರತಿ ಪತ್ರದಲ್ಲೂ ಅಭ್ಯಾಸಬಲದಿಂದ ಬರೆಯುತ್ತಿದ್ದೆ, ಈ ಸಲ ಒಂದೊಂದು ಅಕ್ಷರವನ್ನೂ ಯೋಚಿಸಿ ಬರೆಯುತ್ತಿದ್ದೇನೆ. ನಿಮ್ಮಪ್ಪ ಒಳಗಿನ ಕೋಣೆಯಲ್ಲಿ ಮೂರು ದಿಂಬಿಗೆ ಒರಗಿಕೊಂಡು ಟೋಸ್ಟ್ ತಣ್ಣಗಾಗಿದೆ ಎಂದು ಗೊಣಗುತ್ತಿದ್ದಾನೆ. ಅವನ ಗೊಣಗಾಟ ಕಿವಿಗೆ ಇಷ್ಟು ಹಿತವಾಗಿ ಕೇಳಿಸಬಹುದು ಎಂದು ಮದುವೆಯಾದ ಈ ನಲವತ್ತಾರು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ.

ಮಂಗಳವಾರ ಸಂಜೆ ನಿನ್ನ ಫಾರ್ಮಿಗೆ ಫೋನ್ ಮಾಡಿ, ‘ಅಪ್ಪ ಸಮುದ್ರದಲ್ಲಿ ಸ್ವಲ್ಪ ನೆಂದ, ಈಗ ಚೆನ್ನಾಗಿದಾನೆ’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆನಲ್ಲ, ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಕಾಗದ ಹಿಡಿದೆ. ಜೊತೆಗೊಂದು ಪೊಟ್ಟಣವಿದೆ. ಪತ್ರವನ್ನು ಕೊನೆಯವರೆಗೆ ಓದಿದ ಮೇಲೇ ಅದನ್ನು ಬಿಚ್ಚು. ನಿನ್ನ ಬುದ್ಧಿ ಗೊತ್ತಿದ್ದೇ ಮೂರು ಸುತ್ತು ಟೇಪ್ ಹಾಕಿದ್ದೇನೆ.

ಬೆಲೆ ಇಳಿಸುವುದರಲ್ಲಿ ನಿಮ್ಮಮ್ಮ ಎಂಥವಳು ಎಂದು ನಿನಗೆ ಹೇಳಬೇಕಾಗಿಲ್ಲ. ಮೌಂಟ್ ಗ್ಯಾಂಬಿಯರ್‌ನಲ್ಲಿ ಆ ಫ್ರಿಜ್ಜು ತೆಗೆದುಕೊಂಡ ದಿನ ನೀನೂ ಜೊತೆಗಿದ್ದೆ. ಬೇರೆ ಅಂಗಡಿಯ ಬೆಲೆಯನ್ನು ಫೋನಿನಲ್ಲಿ ತೋರಿಸಿ, ‘ಅವರು ಇಷ್ಟಕ್ಕೆ ಕೊಡ್ತಾರೆ, ನೀವೆಷ್ಟಕ್ಕೆ ಕೊಡ್ತೀರಪ್ಪ’ ಎಂದು ಕೇಳಿದ್ದಕ್ಕೆ ಪಾಪ ಆ ಹುಡುಗ ಮ್ಯಾನೇಜರ್ ಹತ್ತಿರ ಮೂರು ಸಲ ಓಡಿದ. ಕಡೆಗೆ ಬೆಲೆಯೂ ಇಳಿಯಿತು, ಕಸ ಗುಡಿಸುವ ಮೆಷಿನ್ನೂ ಬಿಟ್ಟಿ ಬಂತು. ಚೀಟಿಯಲ್ಲಿ ಬರೆದಷ್ಟೇ ಕೊಟ್ಟು ಬರುವವರನ್ನು ಕಂಡರೆ ನನಗೆ ಕನಿಕರ. ಆಮೇಲೆ ನೀನು ಬಂದವಳು ಫೋನಿನಲ್ಲೇ ಸಾಮಾನು ತರಿಸುವುದನ್ನು ಕಲಿಸಿಕೊಟ್ಟೆ. ‘ಅಮ್ಮಾ, ನಮ್ಮ ದೇಶದಲ್ಲಿ ಎಲ್ಲದಕ್ಕೂ ಒಂದಕ್ಕೆ ಎರಡು ಬೆಲೆ ಹಾಕಿ ತಲೆ ಬೋಳಿಸ್ತಾರೆ, ಹೊರಗಿಂದ ತರಿಸು’ ಎಂದೆ. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ ಕಂದಾ. ನೀನು ಕಲಿಸಿದ್ದು ಈಜಲು, ನಾನೇ ಹೋಗಿ ಆಳಕ್ಕೆ ಬಿದ್ದೆ.

ಹೋದ ನವೆಂಬರಿನಲ್ಲಿ ನಿಮ್ಮಪ್ಪನ ಹಳದಿ ಡಬ್ಬಿಯ ಬ್ಯಾಟರಿ ವಾಯಿದೆ ಮುಗಿಯಿತು. ಅದೇ, ಮುಳುಗುವ ಹೊತ್ತಿಗೆ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಸುದ್ದಿ ಮುಟ್ಟಿಸುವ ಡಬ್ಬಿ. ಅದಿಲ್ಲದೆ ದೋಣಿಯಲ್ಲಿ ದೂರ ಹೋಗುವಂತಿಲ್ಲ, ಕಾನೂನು. ದೋಣಿಗಳು ನಿಲ್ಲುವ ಜೆಟ್ಟಿಯ ಹತ್ತಿರ ದೋಣಿ ಸಾಮಾನು ಮಾರುವ ನೆವಿಲ್ ಪ್ರೌಸ್ ಹೊಸದಕ್ಕೆ ನಾನೂರ ಇಪ್ಪತ್ತೊಂಬತ್ತು ಡಾಲರ್ ಹೇಳಿದ. ನಾನು ಸುಮ್ಮನಿರುವವಳೇ? ಫೋನ್ ತೆಗೆದು ಅಮೆರಿಕದ ಒಂದು ಅಂಗಡಿಯ ಬೆಲೆಯನ್ನು ಅವನ ಮೂಗಿನ ಮುಂದೆ ಹಿಡಿದೆ. ಅದೇ ಬಣ್ಣ, ಅದೇ ಆಕಾರ, ಇನ್ನೂರ ಎಪ್ಪತ್ತು. ನೆವಿಲ್ ಕನ್ನಡಕ ಏರಿಸಿ ನೋಡಿದ. ‘ಟೀವಿ ಆಗಿದ್ರೆ ಬೆಲೆ ಮಾತಾಡಬಹುದಿತ್ತು ಗ್ಲೆನಿಸ್. ಇದು ಹಾಗಲ್ಲ. ಈ ಡಬ್ಬಿ ಒಳಗೆ ನಮ್ಮ ದೇಶದ ನಂಬರ್ ಕೂರಿಸಿರಬೇಕು. ಹೊರಗಿಂದ ಬಂದಿದ್ರಲ್ಲಿ ಅವರ ದೇಶದ್ದು ಇರುತ್ತೆ. ತರಿಸೋ ಮುಂಚೆ ಒಂದು ಮಾತು ವಿಚಾರಿಸಮ್ಮ’ ಎಂದ. ಅಂಗಡಿಯಲ್ಲಿ ಇನ್ನೂ ಮೂವರು ನಿಂತಿದ್ದರು. ಅವರಿಗೆಲ್ಲ ಕೇಳಿಸುವ ಹಾಗೆ ನಾನು, ‘ನೆವಿಲ್, ಅಂಗಡಿಯವರ ಹತ್ರ ಸಾಮಾನಿಗಿಂತ ಕಾರಣಗಳೇ ಜಾಸ್ತಿ ಇರ್ತವೆ ಬಿಡು’ ಎಂದೆ. ಎಲ್ಲರೂ ನಕ್ಕರು. ನೆವಿಲ್ ಮುಖ ಕೆಂಪಾಯಿತು. ಹಗ್ಗ ಅಳೆಯಲು ಹೋದ.

ಅದೇ ದಿನ ಮನೆಗೆ ಬಂದು ಆ ಅಮೆರಿಕದ ಅಂಗಡಿಯಿಂದಲೇ ತರಿಸಿದೆ. ಎರಡು ತೆಗೆದುಕೊಂಡರೆ ಪೋಸ್ಟ್ ಖರ್ಚು ಇಲ್ಲವೆಂದು ಬರೆದಿತ್ತು, ಎರಡು ತರಿಸಿದೆ. ಬ್ಯಾಂಕಿನ ಕಾಗದ ಬಂದಾಗ ಗೊತ್ತಾಯಿತು, ಅಲ್ಲಿ ಡಾಲರ್ ಎಂದು ಹಾಕಿದ್ದು ನಮ್ಮ ಡಾಲರ್ ಅಲ್ಲ, ಅವರದು. ಲೆಕ್ಕ ಹಾಕಿದರೆ ಒಂದೊಂದಕ್ಕೆ ಐವತ್ತೂ ಉಳಿದಿರಲಿಲ್ಲ. ಆಗಲೇ ನನಗೆ ಎಚ್ಚರವಾಗಬೇಕಿತ್ತು. ನಾಚಿಕೆಯಾಗಿ ಆ ಕಾಗದವನ್ನು ಹೊಲಿಗೆ ಡಬ್ಬದಲ್ಲಿ ಬಚ್ಚಿಟ್ಟೆ. ಆಮೇಲೆ ಡಬ್ಬಿಯ ನಂಬರು, ದೋಣಿಯ ಹೆಸರು, ಮನೆಯ ಫೋನು ಎಲ್ಲವನ್ನೂ ಸರ್ಕಾರದ ಪಟ್ಟಿಯಲ್ಲಿ ಬರೆಸಬೇಕಲ್ಲ, ಅದಕ್ಕೆ ಕೂತೆ. ನಂಬರು ಹೊಂದುವುದಿಲ್ಲ ಎಂದು ಬಂತು. ಇನ್ನೊಮ್ಮೆ ಹಾಕಿದೆ, ಮತ್ತೆ ಅದೇ. ಈ ಕಂಪ್ಯೂಟರುಗಳ ಹಣೆಬರಹವೇ ಇಷ್ಟು ಎಂದುಕೊಂಡು ಟೀ ಮಾಡಲು ಎದ್ದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನಿಮ್ಮಪ್ಪ ಕೇಳಿದಾಗ ಆಯಿತು ಎಂದುಬಿಟ್ಟೆ. ಮದುವೆಯಾದಾಗಿನಿಂದ ಅವನಿಗೆ ನಾನು ಹೇಳಿದ ಸುಳ್ಳುಗಳನ್ನು ಬೆರಳಲ್ಲಿ ಎಣಿಸಬಹುದು, ಅವುಗಳಲ್ಲಿ ಇದೊಂದು ಅವನ ಜೀವಕ್ಕೇ ಬರುವುದಿತ್ತು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಫ್ಲಾಸ್ಕು, ಮಾಂಸ ತುಂಬಿದ ಒಂದು ಪಾಸ್ಟಿ ಕಡುಬು ಕಟ್ಟಿಸಿಕೊಂಡು ಮೀನಿಗೆ ಹೋದ. ಹನ್ನೊಂದರ ಹೊತ್ತಿಗೆ ತೆಂಕಣ ಗಾಳಿ ಎದ್ದಿತು. ನಾನು ಬೌಲಿಂಗ್ ಕ್ಲಬ್ಬಿನಲ್ಲಿ ಉಳಿದ ಹೆಂಗಸರ ಜೊತೆ ಶನಿವಾರದ ಮಾರಾಟಕ್ಕೆಂದು ಲ್ಯಾಮಿಂಗ್ಟನ್ ಕೇಕು ಕತ್ತರಿಸುತ್ತಿದ್ದೆ. ಹನ್ನೆರಡೂವರೆಗೆ ಸುದ್ದಿ ಬಂತು. ಸಮುದ್ರದಲ್ಲಿ ಯಾರದ್ದೋ ಡಬ್ಬಿ ಕೂಗುತ್ತಿದೆ, ಅಮೆರಿಕದ ನಂಬರಂತೆ, ಹೆಸರಿಲ್ಲ, ಊರಿಲ್ಲ, ಯಾವುದೋ ಅಮೆರಿಕದ ಹಾಯಿದೋಣಿಯಿರಬೇಕು ಎಂದು ನಮ್ಮೂರಿನ ರಕ್ಷಣಾ ದೋಣಿಯವರು ಹೊರಟಿದ್ದಾರೆ. ಅವರದೇನೂ ತಪ್ಪಿಲ್ಲ, ಡಬ್ಬಿ ಹೇಳಿದ್ದೇ ಅಷ್ಟು, ಜಾಗವೂ ಅಂದಾಜಿನದೇ. ಹೆಂಗಸರೆಲ್ಲ ಪಾಪ ಪಾಪ ಎಂದರು. ನಾನೇನು ಹೇಳಿದೆ ಗೊತ್ತೇ? ‘ದುಡ್ಡು ಜಾಸ್ತಿ ಆದೋರಿಗೆ ಮನೇಲಿ ತೆಪ್ಪಗೆ ಕೂರೋಕಾಗಲ್ಲ, ಈಗ ನಮ್ಮೂರ ಗಂಡಸರು ಅವರಿಗೋಸ್ಕರ ಸಾಯಬೇಕು’ ಎಂದೆ. ಹೌದು ಮಗಳೇ, ನಾನೇ ಹೇಳಿದೆ. ಹೇಳಿ, ತೆಂಗಿನ ತುರಿ ಉದುರಿಸುತ್ತಾ ನಿಂತೆ.

ಅಷ್ಟು ಹೊತ್ತಿಗೆ ನಿಮ್ಮಪ್ಪ ಮಗುಚಿದ ದೋಣಿಯ ಬೆನ್ನಿಗೆ ಅಂಟಿಕೊಂಡು ಒಂದೂವರೆ ಗಂಟೆಯಾಗಿತ್ತು. ಎಂಜಿನ್ನು ನಿಂತು, ಹಿಂದಿನಿಂದ ಅಲೆ ನುಗ್ಗಿ ಮಗುಚಿತಂತೆ. ರಕ್ಷಣಾ ದೋಣಿ ದೂರದಲ್ಲಿ ಹಾದುಹೋಗಿದ್ದನ್ನು ಅವನು ನೋಡಿದ. ಕೈ ಬೀಸಿದ, ಕೂಗಿದ. ಅವರು ಆಳದ ಕಡೆ ಎತ್ತರದ ಹಾಯಿಕಂಬ ಹುಡುಕಿಕೊಂಡು ಹೋಗುತ್ತಿದ್ದರು. ನೀರಿನ ಮಟ್ಟದಲ್ಲಿ ಒಂದು ನರೆತ ತಲೆ ಅವರಿಗೆ ಹೇಗೆ ಕಂಡೀತು? ‘ಅವರು ಹೋಗಿದ್ದು ನೋಡಿ ನಿನ್ನ ನೆನೆಸಿಕೊಂಡೆ ಕಣೇ’ ಎಂದು ಆಸ್ಪತ್ರೆಯಲ್ಲಿ ಒಂದೇ ಒಂದು ಸಲ ಹೇಳಿದ. ಮತ್ತೆ ಹೇಳಿಲ್ಲ, ನಾನೂ ಕೇಳಿಲ್ಲ.

ಒಂದು ಗಂಟೆ ದಾಟಿತ್ತು, ಕ್ಲಬ್ಬಿನ ಬಾಗಿಲು ತಳ್ಳಿಕೊಂಡು ನೆವಿಲ್ ಬಂದ. ನವೆಂಬರಿನಿಂದ ನನ್ನನ್ನು ಕಂಡರೆ ತಲೆಯಾಡಿಸಿ ಹೋಗುತ್ತಿದ್ದವನು ನೇರ ನನ್ನ ಮುಂದೆ ಬಂದು ನಿಂತ. ‘ಕ್ಲಾರಿ ಎಲ್ಲಿ?’ ಎಂದ. ಮೀನಿಗೆ ಹೋಗಿದಾನೆ ಎಂದೆ. ‘ಅಮೆರಿಕದಿಂದ ತರಿಸ್ತೀನಿ ಅಂತಿದ್ಯಲ್ಲ, ಆ ಡಬ್ಬಿನೇ ತೊಗೊಂಡು ಹೋಗಿದಾನಾ?’ ಎಂದ. ನಾನು ಹೌದೆಂದು ಕತ್ತು ಹಾಕಿದೆ. ಅವನಿಗೆ ಅಷ್ಟೇ ಸಾಕಾಯಿತು. ಅಲ್ಲೇ ನಿಂತು ಫೋನು ತೆಗೆದು ರಕ್ಷಣೆಯವರಿಗೆ ಹೇಳಿದ ಒಂದೊಂದು ಮಾತೂ ನನಗೆ ನೆನಪಿದೆ. ‘ಹಾಯಿದೋಣಿ ಹುಡುಕಬೇಡ್ರೋ. ಅದು ನಮ್ಮ ಕ್ಲಾರಿ. ಐದು ಮೀಟರಿನ ಅಲ್ಯೂಮಿನಿಯಂ ದೋಣಿ, ಮಗುಚಿರುತ್ತೆ. ಆಳಕ್ಕೆ ಹೋಗಬೇಡಿ, ಬಂಡೆ ಸಾಲಿನ ಈಚೆ ನೋಡಿ. ಕೆಳಗೆ ನೋಡಿ, ನೀರಲ್ಲಿ.’

ಆಮೇಲಿನ ಐವತ್ತು ನಿಮಿಷ ಜೆಟ್ಟಿಯ ಮೇಲೆ ನಿಂತಿದ್ದೆ. ಅಂಗಡಿ ಬಾಗಿಲು ತೆರೆದದ್ದು ತೆರೆದ ಹಾಗೇ ಬಿಟ್ಟು ನೆವಿಲ್ ಪಕ್ಕದಲ್ಲೇ ನಿಂತಿದ್ದ. ನಾನವತ್ತೇ ಹೇಳಿರಲಿಲ್ಲವೇ ಎಂದು ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಹೇಳಿದ್ದರೆ ನನಗೂ ಅಷ್ಟು ಹಗುರವಾಗುತ್ತಿತ್ತೋ ಏನೋ. ಅವನು ತನ್ನ ಸ್ವೆಟರು ತೆಗೆದು ನನ್ನ ಹೆಗಲಿಗೆ ಹಾಕಿದ, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಸಮುದ್ರ ನೋಡುತ್ತಾ ನಿಂತ. ನಾನು ದೇವರಿಗೆ ಏನೇನೋ ಆಸೆ ತೋರಿಸಿದೆ. ಅಲ್ಲೂ ಚೌಕಾಸಿ ಮಾಡುತ್ತಿದ್ದೇನೆ ಎಂದು ಹೊಳೆದು ಸುಮ್ಮನಾದೆ. ಆಗ ನೆವಿಲ್ ಕೈಯಲ್ಲಿದ್ದ ರೇಡಿಯೋ ಗರಗರ ಎಂದಿತು. ‘ಸಿಕ್ಕಿದ. ಮಾತಾಡ್ತಿದಾನೆ. ಮಾತಾಡೋದೇನು, ನಮಗೆಲ್ಲ ಬಾಯಿಗೆ ಬಂದ ಹಾಗೆ ಬಯ್ತಿದಾನೆ.’ ಅಲ್ಲೇ ಹಲಗೆಯ ಮೇಲೆ ಕೂತು ಊರಿಗೇ ಕೇಳಿಸುವ ಹಾಗೆ ಅತ್ತೆ. ಅಂಥ ಸುಖದ ಅಳು ನಾನು ಅತ್ತದ್ದು ನೀನು ಹುಟ್ಟಿದ ದಿನ, ಬಿಟ್ಟರೆ ಅವತ್ತು.

ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ, ಮೈಯೆಲ್ಲ ತರಚಿದೆ, ಅಷ್ಟೇ. ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ಸ್ಟ್ರೆಚರಿನ ಮೇಲೆ ನನ್ನನ್ನು ಕಂಡವನೇ, ‘ಪಾಸ್ಟಿ ನೀರುಪಾಲಾಯ್ತಲ್ಲೇ’ ಎಂದ. ಹಾಸಿಗೆಯ ಪಕ್ಕ ಕೂತು ನಾನು ಎಲ್ಲವನ್ನೂ ಒಪ್ಪಿಕೊಂಡೆ, ಬಚ್ಚಿಟ್ಟ ಬ್ಯಾಂಕಿನ ಕಾಗದದವರೆಗೆ. ಚಾವಣಿ ನೋಡುತ್ತಲೇ, ‘ಅಲ್ಲಾ, ಅದರಲ್ಲಿ ಎಷ್ಟು ಉಳಿಸಿದೆ?’ ಎಂದ. ಐವತ್ತೂ ಇಲ್ಲ ಎಂದೆ. ಪಕ್ಕೆ ಹಿಡಿದುಕೊಂಡು ನಕ್ಕ, ನೋವಿಗೆ ನನ್ನನ್ನು ಬೈದ, ಮತ್ತೆ ನಕ್ಕ. ನಾನೂ ನಕ್ಕೆ. ನರ್ಸಮ್ಮ ಬಂದು ಇಬ್ಬರನ್ನೂ ಗದರಿಸಿ ಹೋದಳು. ಕ್ಷಮಿಸಿದೆ ಎಂದು ಅವನು ಬಾಯಿಬಿಟ್ಟು ಹೇಳಿಲ್ಲ. ಆದರೆ ಇವತ್ತು ಬೆಳಿಗ್ಗೆಯಿಂದ ನಾಲ್ಕು ಸಲ ಟೀ ಮಾಡಿಸಿಕೊಂಡಿದ್ದಾನೆ, ಅವನ ಲೆಕ್ಕದಲ್ಲಿ ಕ್ಷಮಿಸಿದೆ ಎಂದರೆ ಅದೇ.

ಸಾಕು, ಬೆರಳು ನೋಯುತ್ತಿದೆ. ನೀನು ಅಪ್ಪನಿಗೆ ಫೋನ್ ಮಾಡಿ ಬಯ್ಯಬೇಡ, ನನಗೆ ಬಯ್ಯಬಹುದು. ಗಾರ್ತ್‌ನನ್ನು ಕೇಳಿದೆವು ಎಂದು ಹೇಳು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ ಕಂದಾ. ಅಪ್ಪ ಮುತ್ತು ಕಳಿಸಿದ್ದಾನೆ, ಬರೆಯಬೇಡ ಎಂದೂ ಹೇಳಿದ್ದಾನೆ.

ನಿನ್ನ
ಅಮ್ಮ ಗ್ಲೆನಿಸ್

ತಾ.ಕ.: ಪೋಸ್ಟಾಫೀಸು ಮುಚ್ಚಲು ಇಪ್ಪತ್ತು ನಿಮಿಷವಿದೆ. ಇಷ್ಟುದ್ದ ಬರೆದೂ ಬರೆಯಬೇಕಾದದ್ದನ್ನು ಬರೆಯಲು ನನಗೆ ಧೈರ್ಯ ಬರಲಿಲ್ಲ. ಆಗ ಎರಡು ಡಬ್ಬಿ ತರಿಸಿದೆ ಎಂದೆನಲ್ಲ, ಎರಡನೆಯದು, ನೀನು ಒಬ್ಬಳೇ ಓಡಾಡುವಾಗ ಅಪಾಯವಾದರೆ ನೆಲದ ಮೇಲೂ ಕೂಗುತ್ತದೆ ಎಂದು ಕ್ರಿಸ್‌ಮಸ್‌ಗೆ ನಿನಗೆ ಕಳಿಸಿದ್ದು. ಅದೇ ಅಂಗಡಿಯದು, ಒಳಗಿರುವುದೂ ಅಮೆರಿಕದ ನಂಬರೇ. ‘ಗಾಡಿಯ ಸೀಟಿನ ಹಿಂದೆ ನೇತುಹಾಕಿದ್ದೇನೆ, ಇನ್ನು ನಿನಗೆ ಚಿಂತೆಯಿಲ್ಲ’ ಎಂದು ನೀನು ಫೋಟೋ ಕಳಿಸಿದ್ದೆ. ಮೂರು ತಿಂಗಳು ಆ ಫೋಟೋ ನೋಡಿಕೊಂಡು ನೆಮ್ಮದಿಯಾಗಿ ಮಲಗಿದ್ದೇನೆ. ಅದನ್ನು ಇವತ್ತೇ ಗಾಡಿಯಿಂದ ಇಳಿಸು. ಪೊಟ್ಟಣದಲ್ಲಿ ನೆವಿಲ್ ಅಂಗಡಿಯ ಹೊಸದಿದೆ, ನಿನ್ನ ಹೆಸರಲ್ಲಿ ಬರೆಸಿಯಾಗಿದೆ, ಅವನ ಎದುರಿಗೇ ಕೂತು ಬರೆಸಿದೆ, ನಂಬರು ಒಂದೇ ಸಲಕ್ಕೆ ಹೊಂದಿತು. ಇದು ತಲುಪುವವರೆಗೆ ನಿನ್ನನ್ನು ಒಬ್ಬಳನ್ನೇ ಎಲ್ಲಿಗೂ ಬಿಡಬೇಡ ಎಂದು ಗಾರ್ತ್‌ಗೆ ಈಗಷ್ಟೇ ಫೋನ್ ಮಾಡಿದೆ. ‘ಅವಳ ಗಾಡಿ ಕೀ ನನ್ನ ಜೇಬಿನಲ್ಲಿದೆ ಅಮ್ಮಾ, ನೀವು ಆರಾಮಾಗಿರಿ’ ಎಂದ. ಅವನ ಸಾಸಿನ ಬಗ್ಗೆ ಇನ್ನು ನಾನು ಮಾತಾಡುವುದಿಲ್ಲ. ಹೊಸ ಡಬ್ಬಿಗೆ ಎಷ್ಟಾಯಿತು ಎಂದು ಕೇಳಬೇಡ. ನಾನೂ ನೆವಿಲ್‌ನನ್ನು ಕೇಳಲಿಲ್ಲ, ಕಾರ್ಡು ಕೊಟ್ಟು ಬಂದೆ.