ಹೆಗಲ ಮೇಲಿನ ಕೈ

ಬ್ಲೇರ್ ಅಥಾಲ್, ಅಡಿಲೇಡ್
೧೮ ಮೇ ೨೦೨೫, ಭಾನುವಾರ

ಮಗಳು ಗೌತಮಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ನಿದ್ದೆ ಬರುತ್ತಿದೆಯೇ? ಪರ್ತ್‌ನಲ್ಲೂ ಚಳಿ ಶುರುವಾಗಿರಬೇಕು. ಅಡುಗೆ ಮಾಡಿಕೊಳ್ಳುತ್ತಿದ್ದೀಯಾ, ಇಲ್ಲಾ ಬೆಂಟ್ಲಿಯಲ್ಲಿ ಓದುವಾಗಿನ ಹಾಗೆ ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡು ಬಸ್ಸಿನ ಹಿಂದೆ ಓಡುತ್ತಿದ್ದೀಯಾ? ಇಲ್ಲಿ ನಿಮ್ಮಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನನ್ನ ಬಿ.ಪಿ. ಮಾತ್ರೆಯ ಮಾತು ಕೇಳುವುದಿಲ್ಲ, ನಾನು ಡಾಕ್ಟರ ಮಾತು ಕೇಳುವುದಿಲ್ಲ. ನಿನ್ನ ಅತ್ತಿಗೆ ಕನಕ ಆಫೀಸಿಗೆ ಹೋಗುತ್ತಾಳೆ, ಬರುತ್ತಾಳೆ, ನಮ್ಮಿಬ್ಬರನ್ನೂ ನೋಡಿಕೊಳ್ಳುತ್ತಾಳೆ. ಅವಳನ್ನು ನೋಡಿಕೊಳ್ಳಲು ನಮಗೇ ಬರುತ್ತಿಲ್ಲ. ನಿನಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ವಾಯ್ಸ್ ಮೆಸೇಜ್ ಕಳಿಸಿದರೆ ‘ಓಕೆ ಅಪ್ಪಾ’ ಎಂದು ಬರುತ್ತದೆ. ಕೇಳಿದೆಯೋ ಇಲ್ಲವೋ ದೇವರಿಗೇ ಗೊತ್ತು. ಅದಕ್ಕೇ ಈ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲಾಗುವುದಿಲ್ಲ ನೋಡು.

ನಿನ್ನ ಅಣ್ಣ ಹೋಗಿ ವರ್ಷ ತುಂಬುತ್ತಾ ಬಂತು. ಜೂನ್ ಮೊದಲ ವಾರ ವರ್ಷಾಬ್ದಿಕ. ಅವತ್ತು ಚಿತಾಗಾರದಲ್ಲಿ ಇಟ್ಟಿದ್ದದ್ದು ಅವನು ಕೆಲಸ ಮಾಡುತ್ತಿದ್ದ ಗಣಿಯ ಐಡಿ ಕಾರ್ಡಿನ ಫೋಟೋ. ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ, ಯಾರ ಜೊತೆಗೋ ಜಗಳ ಮಾಡಿ ಬಂದ ಮುಖ. ನಮ್ಮ ಉತ್ತಮ್ ಹಾಗಿದ್ದನೇನೇ? ಗೋಡೆಗೆ ಹಾಕಲು ನೆಟ್ಟಗಿನದೊಂದು ಬೇಕೆಂದು ಅವನ ಫೋನೆಲ್ಲ ಹುಡುಕಿದೆವು. ಎಲ್ಲಿ ನೋಡಿದರೂ ಕಲ್ಲು. ಕಲ್ಲಿನ ಪಕ್ಕ ಸುತ್ತಿಗೆ, ಸುತ್ತಿಗೆಯ ಪಕ್ಕ ಮತ್ತೆ ಕಲ್ಲು. ಅವನಿರುವ ಕಡೆಯೆಲ್ಲ ಕಪ್ಪು ಕನ್ನಡಕ. ಕೊನೆಗೆ ಕಣ್ಣು ಕಾಣುವ ಹಾಗೆ, ನಗುತ್ತಿರುವ ಹಾಗೆ ಸಿಕ್ಕಿದ್ದು ಒಂದೇ: ಹೋದ ವರ್ಷ ಮೇನಲ್ಲಿ, ಇಲ್ಲಿನ ಜಪಾನೀ ತೋಟದಲ್ಲಿ, ಚಳಿಗೆ ಎಲೆಯೆಲ್ಲ ಕೆಂಪಾಗಿದ್ದ ಮೇಪಲ್ ಮರದ ಕೆಳಗೆ ನಾನು ತೆಗೆದದ್ದು.

ನಿನಗೆ ನೆನಪಿರುತ್ತದೆ. ನೀನು ರಜೆಗೆ ಬಂದಿದ್ದೆ. ಅವನ ಹೊಸ ಕ್ಯಾಮೆರಾ ನನ್ನ ಕೈಗೆ ಸಿಕ್ಕಿತ್ತು, ಕೇಳಬೇಕೇ! ಬೆಳಕು ಎಲೆಯ ಹಿಂದಿನಿಂದ ಬರಬೇಕು, ಮುಂದಿನಿಂದ ಬಿದ್ದರೆ ಕೆಂಪು ಸತ್ತುಹೋಗುತ್ತದೆ ಎಂದು ನಿಮ್ಮನ್ನೆಲ್ಲ ಆ ಕಡೆಗೆ ಈ ಕಡೆಗೆ ಸರಿಸಿ ಸಾಕುಸಾಕು ಮಾಡಿದ್ದೆ. ‘ಅಪ್ಪಾ, ನಮ್ಮನ್ನ ತೆಗೀತಿದೀರೋ ಮರಾನ ತೆಗೀತಿದೀರೋ?’ ಎಂದು ಅವನು ರೇಗಿಸಿದ. ಅವನು, ಕನಕ, ನೀನು ಮೂವರೂ ನಿಂತಿರಿ. ನಿಮ್ಮಮ್ಮ ಬೆಂಚಿನಿಂದಲೇ ಕೂಗಿದಳು: ‘ಮೂರು ಜನ ಬೇಡಾಂದ್ರೆ! ಒಬ್ರಿಗಾಗಲ್ಲ!’ ಕನಕ ನಗುತ್ತಾ ಪಕ್ಕಕ್ಕೆ ಸರಿದಳು, ‘ನಮ್ಮಿಬ್ರದ್ದು ಆಮೇಲೆ ತೆಗೀರಿ ಮಾವ’ ಎಂದಳು. ನೀನು ಅಲ್ಲಾಡುವ ಕಲ್ಲೊಂದರ ಮೇಲೆ ಹತ್ತಿ ಅಣ್ಣನ ಹೆಗಲು ಹಿಡಿದುಕೊಂಡೆ, ನಾನು ಕ್ಲಿಕ್ ಮಾಡಿದೆ. ಅಷ್ಟರಲ್ಲಿ ಮೋಡ ಬಂತು. ಆ ಕೆಂಪಿನಲ್ಲಿ ಗಂಡ ಹೆಂಡತಿಯ ಫೋಟೋ ಇಲ್ಲವೇ ಇಲ್ಲ. ಆದರೂ ಇದೇ ಇರಲಿ ಎಂದವಳು ಕನಕಳೇ.

ಅವಳು ನಿನ್ನನ್ನು ಕೇಳಿದ್ದಕ್ಕೆ ನೀನು ಬರೆದದ್ದನ್ನು ನನಗೆ ತೋರಿಸಿದಳು. ‘ಅತ್ತಿಗೆ, ಅದರಿಂದ ನನ್ನ ತೆಗೆದುಬಿಡಿ. ನಾನು ಇರಬಾರದು.’ ಸರಿ, ಹುಡುಗಿ ಸರಿಯಾಗೇ ಹೇಳಿದ್ದಾಳೆ ಎಂದುಕೊಂಡೆ. ಬದುಕಿರುವವರು ಇರುವ ಫೋಟೋಗೆ ಯಾರಾದರೂ ಹಾರ ಹಾಕುತ್ತಾರೆಯೇ? ಮನಸ್ಸನ್ನು ಅದರಾಚೆಗೆ ಹೋಗಲು ಬಿಡಲಿಲ್ಲ.

ಅಲ್ಲದೆ ಅದು ನನಗೆ ಹೊಸ ಕೆಲಸವೂ ಅಲ್ಲ. ಮೈಸೂರಿನ ಶಿವರಾಂಪೇಟೆಯ ನಮ್ಮ ಸ್ಟುಡಿಯೋಗೆ ಎಷ್ಟೋ ಜನ ಅತ್ತುಕೊಂಡು ಬರುತ್ತಿದ್ದರು, ಕೈಯಲ್ಲಿ ಮದುವೆಯ ಗ್ರೂಪ್ ಫೋಟೋ ಹಿಡಿದುಕೊಂಡು. ‘ಇವರೊಬ್ಬರನ್ನೇ ಬಿಡಿಸಿ ದೊಡ್ಡದು ಮಾಡಿಕೊಡಿ ಸ್ವಾಮಿ.’ ಮುಖ ಬಿಡಿಸುವುದು ಸುಲಭ. ತೊಂದರೆ ಕೊಡುವುದು ಪಕ್ಕದವರ ಕೈಗಳು. ಮೊಣಕೈ ಹಿಡಿದ ಹೆಂಡತಿಯ ಬೆರಳು, ಅಂಗಿ ಹಿಡಿದೆಳೆಯುವ ಮಗುವಿನ ಮುಷ್ಟಿ. ಬ್ಲೇಡಿನಲ್ಲಿ ಕೆರೆದು, ಬ್ರಷ್ಷಿನಲ್ಲಿ ಟಚಿಂಗ್ ಮಾಡಿ ಅವನ್ನೆಲ್ಲ ಅಳಿಸುತ್ತಿದ್ದೆ. ನಿಮ್ಮಿಬ್ಬರ ಫೀಸು ಕಟ್ಟಿದ್ದು ಅದೇ ಕೆಲಸ. ಅದು ಯಾರ ಕೈ ಎಂದು ಒಂದು ದಿನವೂ ವಿಚಾರಿಸಲಿಲ್ಲ.

ನೀನಿದ್ದ ಜಾಗ ತುಂಬಲು ಅದೇ ಮರ, ಅದೇ ಬಣ್ಣ, ಅದೇ ಹೊತ್ತಿನ ಬಿಸಿಲು ಬೇಕಿತ್ತು. ಈ ವರ್ಷ ಇಲ್ಲಿ ಮಳೆಯೇ ಇಲ್ಲ. ಏಪ್ರಿಲ್‌ನಲ್ಲಿ ಬಸ್ಸು ಹತ್ತಿ ಹೋದೆ. ಎಲೆ ಕೆಂಪಾಗುವ ಮೊದಲೇ ಅಂಚು ಕರಕಲಾಗಿತ್ತು. ಇನ್ನೊಮ್ಮೆ ಹೋದೆ, ಹಾಗೇ ಬಂದೆ. ಈ ವಾರ ಚಳಿ ಬಿದ್ದ ಮೇಲೆ ಅಂತೂ ಬಣ್ಣ ಬಂತು, ಹೋದ ವರ್ಷದ ಅರ್ಧದಷ್ಟು. ನಾನು ಹೋದಾಗ ಕೊಳದ ಹತ್ತಿರ ಮದುವೆಯ ಜೋಡಿಯೊಂದು ನಿಂತಿತ್ತು. ಅವರ ಫೋಟೋಗ್ರಾಫರ್ ನನ್ನ ಕ್ಯಾಮೆರಾ ನೋಡಿ ‘ಬ್ಯೂಟಿಫುಲ್ ಕಲರ್ಸ್, ಮೇಟ್’ ಎಂದ. ‘ಯೆಸ್ ಯೆಸ್’ ಎಂದೆ. ಮಗಳನ್ನು ಮುಚ್ಚಲು ಎಲೆ ಆರಿಸುತ್ತಿದ್ದೇನೆ ಎಂದು ಅವನಿಗೆ ಹೇಗೆ ಹೇಳಲಿ?

ನಿನ್ನೆ ಮಧ್ಯಾಹ್ನ ಕನಕಳ ಲ್ಯಾಪ್‌ಟಾಪ್ ಮುಂದೆ ಕೂತೆ. ಮೊದಲು ನಿನ್ನ ಜಾಕೆಟ್ಟಿನ ಮೇಲೆ ಎಲೆ ಕೂರಿಸಿದೆ, ಆಮೇಲೆ ಕೂದಲಿನ ಮೇಲೆ, ಆಮೇಲೆ ಮುಖದ ಮೇಲೆ. ಗೌತಮಿ, ಅವು ಎಷ್ಟು ಸಲೀಸಾಗಿ ಕೂತವು ಅಂದರೆ ನನಗೆ ಭಯವಾಯಿತು. ಅಲ್ಲೊಬ್ಬಳು ನಿಂತಿದ್ದಳು ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಇಷ್ಟು ಚೆನ್ನಾಗಿ ಈ ಕೆಲಸವನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಆಗ ನೀನು ಬರೆದ ಎರಡನೇ ಮಾತು ನೆನಪಾಯಿತು. ನಾನು ಇರಬಾರದು ಎಂದೆಯಲ್ಲ, ಎಲ್ಲಿ ಇರಬಾರದು ಮಗಳೇ? ಸುತ್ತುಬಳಸದೆ ಕೇಳುತ್ತಿದ್ದೇನೆ, ಸುತ್ತುಬಳಸದೆ ಹೇಳು.

ಬೆಂಟ್ಲಿಯಿಂದ ಕ್ಯಾನಿಂಗ್ ವೇಲ್‌ಗೆ ಮನೆ ಬದಲಾಯಿಸುವಾಗ ಫ್ರಿಜ್ ಎತ್ತಲು ಬಾ ಎಂದು ನೀನು ಅಣ್ಣನನ್ನು ಕರೆದೆ. ಅವನು ಗಣಿಯಿದ್ದ ಕಾಲ್ಗೂರ್ಲಿಯಿಂದ ಕಾರಿನಲ್ಲಿ ಹೊರಟ. ಮುಸ್ಸಂಜೆಗೆ ಕಾಂಗರೂ ಅಡ್ಡ ಬಂತು, ಕಾರು ಪಲ್ಟಿಯಾಯಿತು. ನಡೆದದ್ದು ಇಷ್ಟೇ. ಅಣ್ಣನನ್ನು ಕರೆಯದೆ ಇನ್ಯಾರನ್ನು ಕರೆಯಬೇಕಿತ್ತು ನೀನು? ಈ ಮನೆಯಲ್ಲಿ ಯಾರ ಬಾಯಲ್ಲೂ ನಿನ್ನ ಮೇಲೊಂದು ಮಾತು ಬಂದಿಲ್ಲ, ಮನಸ್ಸಿನಲ್ಲೂ ಇಲ್ಲ. ‘ಅವಳು ಕರೀದೇ ಇದ್ದಿದ್ರೆ ಇವ್ರಿಗೇ ಬೇಜಾರಾಗಿರೋದು ಮಾವ’ ಎಂದು ಕನಕ ನಿನ್ನೆಯೂ ಹೇಳಿದಳು. ಗಂಡನನ್ನು ಕಳೆದುಕೊಂಡವಳು ಅವಳು. ಅವಳ ಮಾತನ್ನಾದರೂ ನಂಬು.

ಕೊನೆಗೆ ನಿನ್ನ ನಾಲ್ಕು ಬೆರಳು ಮಾತ್ರ ಉಳಿದವು, ಅವನ ಹೆಗಲ ಮೇಲೆ. ಆಚೆ ಹೆಗಲಿನ ಬಟ್ಟೆಯನ್ನು ಇಲ್ಲಿಗೆ ತಂದು ಹಾಕಿದರೆ ಮುಗಿಯುತ್ತಿತ್ತು. ದೊಡ್ಡದು ಮಾಡಿ ನೋಡಿದೆ. ಕಲ್ಲು ಅಲ್ಲಾಡುತ್ತಿದ್ದದ್ದಕ್ಕೆ ನೀನು ಗಟ್ಟಿಯಾಗಿ ಹಿಡಿದಿದ್ದೆ. ಬೆರಳ ಕೆಳಗೆ ಅಂಗಿ ಮುದುಡಿಕೊಂಡಿದೆ. ನನ್ನ ಕೈಲಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು ಹಿತ್ತಲಿಗೆ ಹೋಗಿ, ನೀರು ಹಾಕಿದ್ದ ಗಿಡಗಳಿಗೇ ಮತ್ತೆ ನೀರು ಹಾಕಿದೆ.

ಸಾಕು, ಕೈ ನೋಯುತ್ತಿದೆ. ನಿಮ್ಮಮ್ಮ ಚಟ್ನಿಪುಡಿ ಮಾಡಿಟ್ಟಿದ್ದಾಳೆ. ಕಳಿಸುವುದಿಲ್ಲವಂತೆ, ಬಂದು ತಿನ್ನಬೇಕಂತೆ. ನೂರು ಕಾಲ ಬಾಳು ಎಂದು ಹರಸುವುದು ವಾಡಿಕೆ. ಈ ಸಲ ನಾನು ಅದನ್ನು ವಾಡಿಕೆಗಾಗಿ ಬರೆಯುತ್ತಿಲ್ಲ.

ನಿನ್ನ ಅಪ್ಪ,
ಅನಂತಪದ್ಮನಾಭ

ಮರೆತಿದ್ದೆ: ಈ ಕಾಗದ ಅಂಚೆಗೆ ಹೋಗುವುದಿಲ್ಲ. ಕನಕ ನಾಳೆ ಬೆಳಗಿನ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದಾಳೆ. ನೀನು ಇದನ್ನು ಓದುವಾಗ ಅವಳು ನಿನ್ನ ಎದುರಿಗೇ ಕೂತಿರುತ್ತಾಳೆ, ನಿನ್ನನ್ನು ಕರೆದುಕೊಂಡೇ ವಾಪಸ್ಸು ಬರುತ್ತಾಳೆ. ಇನ್ನೊಂದು ವಿಷಯ. ಈಗಷ್ಟೇ ನಿಮ್ಮಮ್ಮ ಆ ಫೋಟೋ ನೋಡಿದಳು, ಎಲೆಗಳ ನಡುವಿನಿಂದ ಬಂದ ಆ ಕೈಯನ್ನು. ಕೂಗಾಡುತ್ತಾಳೆ ಅಂದುಕೊಂಡೆ. ಫೋಟೋದಲ್ಲಿ ಮೂವರನ್ನು ನಿಲ್ಲಲು ಬಿಡದವಳು! ಅವಳು ಬೆರಳುಗಳನ್ನು ಮುಟ್ಟಿ ನೋಡಿ, ‘ಅವನು ಆ ರಸ್ತೇಲಿ ಒಬ್ನೇ ಇದ್ದ. ಇಲ್ಲಾದ್ರೂ ಅವಳು ಹಿಡ್ಕೊಂಡಿರ್ಲಿ. ಆ ಎಲೆ ತೆಗ್ದು ನನ್ನ ಮಗಳನ್ನ ವಾಪಸ್ ತನ್ನಿ’ ಎಂದಳು. ತಂದಿದ್ದೇನೆ. ಮೊದಲಿನ ಫೋಟೋವೇ, ನೀವಿಬ್ಬರೂ ಇರುವುದೇ, ಗೋಡೆಗೆ ಬರುತ್ತದೆ. ನೀನಿರುವುದರಿಂದ ಅದಕ್ಕೆ ಹಾರ ಹಾಕುವಂತಿಲ್ಲ. ನಾವಿಬ್ಬರು ಇರುವವರೆಗೂ ಅದಕ್ಕೆ ಹಾರ ಹಾಕಿಸಬೇಡ ಮಗಳೇ.